ಸಣ್ಣ ಪಾರ್ಕಿನ ರೋಲರ್ ಕೋಸ್ಟರ್: ಹತ್ತೋದಾ, ಕೆಳಗೆ ನಿಂತು ನೋಡೋದಾ?

ಕುಂಬಾರಗುಡ್ಡ (ಬಳ್ಳಾರಿ):

ರಜಾಕ್ಕೆ ಅಕ್ಕನ ಮಕ್ಕಳು ಬಂದಾರೆ. ದೊಡ್ಡೋನು ಎಸ್ಸೆಸ್ಸೆಲ್ಸಿ ಬರೆದು ಕುಂತಾನೆ, ಸಣ್ಣಾಕಿ ಎರಡನೇ ಕ್ಲಾಸು. ದೊಡ್ಡೋಂದು ಒಂದೇ ಹಠ, ಬಿಡದಿ ವಂಡರ್‌ಲಾಕ್ಕೆ ಕರ್ಕೊಂಡು ಹೋಗು ಮಾಮಾ ಅಂತ. ಹೋಗೋಕೊಂದು ರಾತ್ರಿ, ಬರೋಕೊಂದು ರಾತ್ರಿ, ಅಲ್ಲಿ ಟಿಕೆಟ್ಟು, ಊಟ, ನನ್ನ ಜೇಬಿಗೆ ಆಗೋ ಮಾತಲ್ಲ. ಅದಕ್ಕೆ ಊರ ಹೊರಗಿನ ಒಂದು ಸಣ್ಣ ಪಾರ್ಕಿಗೆ ಕರ್ಕೊಂಡು ಹೋಗೋಣ ಅಂತಿದೀನಿ. ಹೆಸರು ಹಾಕಲ್ಲ, ಪ್ರಚಾರ ಅಂತೀರಿ. ಕೊಲಂಬಸ್ (ತೂಗೋ ಹಡಗು) ಐತೆ, ಬ್ರೇಕ್ ಡ್ಯಾನ್ಸ್ (ಗಿರಗಿರ ತಿರುಗೋ ಸೀಟುಗಳ ರೈಡು) ಐತೆ, ಜಾಯಿಂಟ್ ವ್ಹೀಲ್ ಐತೆ, ಒಂದು ರೋಲರ್ ಕೋಸ್ಟರ್ ಐತೆ. ಮೂರಂತಸ್ತಿನ ಮನೆಯಷ್ಟು ಎತ್ತರ, ನಾಲ್ಕು ಡಬ್ಬಿ. ತಲೆಕೆಳಗೆ ಮಾಡೋ ಸುತ್ತು ಗಿತ್ತು ಏನಿಲ್ಲ.

ದೊಡ್ಡೋನು ಫೋಟೋ ನೋಡಿ "ಇದು ಮಕ್ಕಳಾಟ ಮಾಮಾ" ಅಂದ. ನಮ್ಮಕ್ಕ ಅದೇ ಫೋಟೋ ನೋಡಿ "ಇದಕ್ಕೆ ಹತ್ತಿಸಿದ್ರೆ ನಿನ್ನ ಸುಮ್ನೆ ಬಿಡಲ್ಲ" ಅಂದ್ಳು. ಹತ್ತಿದೋರು ಯಾರಾದ್ರೂ ಇದ್ರೆ ಹೇಳ್ರಿ. ಮಜಾ ಇರ್ತದಾ? ಭದ್ರ ಅನ್ನೋದು ಹೆಂಗೆ ತಿಳ್ಕೊಳ್ಳೋದು?

ಆಮ್_ತಲಾಬ್ (ರಾಯಚೂರು):

ಬಿಡದಿ ಯಾಕ್ರಿ, ಹೈದರಾಬಾದ್‌ದಾಗೂ ವಂಡರ್‌ಲಾ ಅದ, 2016ರಿಂದ. ರಾಯಚೂರಿನವರಿಗಂತೂ ಅದೇ ಹತ್ರ. ಅಲ್ಲಿ ರಿಕಾಯಿಲ್ ಅಂತ ಒಂದ್ ಕೋಸ್ಟರ್ ಅದ. ಮುಂದಕ್ಕ ಬಿಟ್ಟು ತಲಿಕೆಳಗ ಮಾಡ್ತದ, ಆಮ್ಯಾಗ ಅದೇ ಹಾದ್ಯಾಗ ಹಿಂಬರಕಿ ತರ್ತದ. ಅದನ್ನ ಹತ್ತಿದಮ್ಯಾಗ ಈ ಸಣ್ಣ ಪಾರ್ಕಿನವು ಎಲ್ಲಾ ಸಪ್ಪ. ರೊಕ್ಕ ಕೂಡಿಟ್ಟು ಮುಂದಿನ ವರ್ಷ ಅಲ್ಲಿಗೇ ಹೋಗ್ರಿ.

ಪಂಚಮಿ_ಉಂಡಿ (ಕೊಪ್ಪಳ):

ಸಪ್ಪ ಅನ್ನೋದನ್ನ ನಾ ಒಪ್ಪಂಗಿಲ್ರಿ ಅಣ್ಣಾರ. ಹೈಸ್ಕೂಲಿನ್ಯಾಗ ವಿಜ್ಞಾನ ಕಲಸ್ತೀನಿ, ಸ್ವಲ್ಪ ಲೆಕ್ಕ ಹೇಳ್ತೀನಿ, ಬೈಬ್ಯಾಡ್ರಿ.

ರೋಲರ್ ಕೋಸ್ಟರಿಗೆ ಎಂಜಿನ್ ಇರಂಗಿಲ್ಲ. ಸರಪಳಿ ಮ್ಯಾಲಕ್ಕ ಎಳದು ಬಿಡತೈತಿ, ಅಲ್ಲಿಂದ ಮುಂದ ಎಷ್ಟು ಇಳದ್ರ ಅಷ್ಟ ವೇಗ. ತಿಕ್ಕಾಟ, ಗಾಳಿ ಬಿಟ್ಟು ಲೆಕ್ಕ ಹಾಕಿದ್ರ 10 ಮೀಟರ್ ಇಳಿಯೂದ್ರಾಗ ತಾಸಿಗೆ 50 ಕಿ.ಮೀ. ಆಗತೈತಿ. 40 ಮೀಟರ್ ಇಳದ್ರ 200 ಅಲ್ಲ, 100 ಅಷ್ಟ. ಎತ್ತರ ನಾಕು ಪಟ್ಟು ಮಾಡಿದ್ರ ವೇಗ ಎರಡ ಪಟ್ಟು ಆಗೂದು.

ಇನ್ನೊಂದು ಮಾತು. ಹೊಟ್ಟ್ಯಾಗ ಝಲ್ ಅನ್ನೂದು ವೇಗಕ್ಕಲ್ಲ. ರೈಲು ನೂರರ ಮ್ಯಾಲೆ ಹೊಂಟಿರತೈತಿ, ನಾವು ಆರಾಮ ಚಾ ಕುಡಕೋಂತ ಕುಂತಿರ್ತೀವಿ. ವೇಗ, ದಿಕ್ಕು ಗಕ್ಕನ ಬದಲಾದ್ರ ಝಲ್ ಅನ್ನೂದು. ವೇಗದ ವರ್ಗಾನ ತಿರುವಿನ ತ್ರಿಜ್ಯದಿಂದ ಭಾಗಸ್ರಿ, ಮೈಮ್ಯಾಲೆ ಬೀಳೂ ಒತ್ತಡ ಅದು. ದೊಡ್ಡ ಕೋಸ್ಟರ್ ಒಂದನ್ನ ಎಲ್ಲಾ ಅಳತಿ ಕಾಲುಭಾಗಕ್ಕ ಇಳಿಸಿ ಕಟ್ಟಿದ್ರು ಅಂತ ತಿಳಕೋರಿ. ವೇಗ ಅರ್ಧ, ತ್ರಿಜ್ಯ ಕಾಲು. ಒತ್ತಡ ಅಷ್ಟಕ್ಕಷ್ಟ ಬರತೈತಿ! ಬರೇ ಹೊತ್ತು ಅರ್ಧ ಆಗತೈತಿ.

ಆಮ್_ತಲಾಬ್ (ರಾಯಚೂರು):

ಟೀಚರಮ್ಮಾ, ಅರ್ಧ ಹೊತ್ತು ಅಂದ್ರ ಅರ್ಧ ಮಜಾ ಅಲ್ರಿ? ನಾ ಹೇಳಿದ್ದೂ ಅದೇ. 😄

ಗವಿಮಠ_ಓಣಿ (ಕೊಪ್ಪಳ):

ಅರ್ಧ ರೊಕ್ಕಕ್ಕ ಅರ್ಧ ಮಜಾ, ಸರಿ ಹೋತಲ್ಲ.

ಸಣ್ಣ ಕೋಸ್ಟರ್ ಹತ್ತಿದಾಂವ ನಾನು. ಮೊದಲು ಒಂದ್ ನೋಡ್ರಿ, ಅದು ಖರೇ ಕೋಸ್ಟರ್ ಐತೋ, ಡ್ರಾಗನ್ ಟ್ರೇನೋ. ಡ್ರಾಗನ್ ಟ್ರೇನಿಗೆ ಮೋಟರ್ ಇರತೈತಿ, ಸುತ್ತ ಪೂರಾ ಎಳದಾಡತೈತಿ, ಸಣ್ಣ ಹುಡುಗ್ರಿಗೆ ಚಲೋ. ಖರೇದು ಆದ್ರ ಏರಾಗ ಟಕ್ ಟಕ್ ಟಕ್ ಅಂತೈತಿ, ಆಮ್ಯಾಲೆ ಸಪ್ಪಳ ನಿಂತು ಬರೇ ಗಾಲಿ ಸದ್ದು.

ಎಸ್ಸೆಸ್ಸೆಲ್ಸಿ ಹುಡುಗನ್ನ ಕಡೀ ಡಬ್ಬ್ಯಾಗ ಕುಂದರಸ್ರಿ, ಮುಂದ ಬ್ಯಾಡ. ಮುಂದಿನ ಡಬ್ಬಿ ತುದಿ ದಾಟುವಾಗ ಹಿಂದಿನವೆಲ್ಲಾ ಇನ್ನೂ ಏರಾಗ ಇರ್ತಾವು, ಅದಕ್ಕ ಅದು ಮೆಲ್ಲಕ ದಾಟತೈತಿ. ಕಡೀದು ತುದಿಗೆ ಬರೂದ್ರಾಗ ಉಳಿದವು ಆಗಲೇ ಇಳಿಜಾರಿಗೆ ಬಿದ್ದಿರ್ತಾವು, ಜಗ್ಗಿ ಒಗದಂಗ ಆಗತೈತಿ, ಕುಂಡಿ ಸೀಟ್ ಬಿಡತೈತಿ. ಮುಂದ ಕುಂತ್ರ ನೋಟ ಚಲೋ, ಹೆದರಿಕಿ ಕಣ್ಣಿಗೆ. ಹಿಂದ ಕುಂತ್ರ ಹೆದರಿಕಿ ಹೊಟ್ಟಿಗೆ. ಕೊಲಂಬಸ್ಸಿಗೂ ಅದ, ನಡುವ ಕುಂತ್ರ ನಿದ್ದಿ ಬರತೈತಿ, ತುದಿಗೆ ಕುಂತ್ರ ದೇವರು ನೆನಪಾಗ್ತಾನ.

ಮತ್ತ ಮೊದಲು ಮಿರ್ಚಿ ತಿನ್ನಬ್ಯಾಡ್ರಿ. ಜಾತ್ರ್ಯಾಗ ನಮ್ಮ ಗೆಳ್ಯಾ ಒಬ್ಬಾಂವ ತಿಂದು ಹತ್ತಿದ್ದ. ಕೆಳಗ ನಿಂತವರ ಪರಿಸ್ಥಿತಿ ಹೇಳಂಗಿಲ್ಲ.

ಕುಂಬಾರಗುಡ್ಡ (ಬಳ್ಳಾರಿ):

ನಮ್ಮದು ಟಕ್ ಟಕ್ ಅನ್ನೋದೇ. ಆದ್ರೆ ಮೇಲೆ ಹೋದ್ಮೇಲೆ ಒಂದು ತಿರುವು ಐತೆ, ಕೆಳಗೆ ನಿಂತು ನೋಡಿದ್ರೆ ಡಬ್ಬಿ ಹಳಿ ಬಿಟ್ಟು ಹೊರಗೆ ಹೋಯ್ತು ಅನ್ಸುತ್ತೆ. ಅದನ್ನ ನೋಡೇ ಅಕ್ಕ ಬೇಡ ಅಂದಿದ್ದು. ಮತ್ತೆ ಆ ಟಕ್ ಟಕ್ ಏನು, ಸರಪಳಿ ಸವೆದು ಬರೋ ಸದ್ದಾ?

ನಟ್ಟು_ಬೋಲ್ಟು (ತೋರಣಗಲ್ಲು):

ಅದು ಸವೆತದ ಸದ್ದಲ್ಲ ಬ್ರದರ್. ಏರಿನ ಉದ್ದಕ್ಕೂ ಹಳಿ ನಡುವೆ ಹಲ್ಲು ಇರ್ತವೆ, ಡಬ್ಬಿ ಅಡಿಯಲ್ಲಿ ಒಂದು ಕೊಂಡಿ ಇರ್ತದೆ. ಡಬ್ಬಿ ಏರಿದಂಗೆ ಕೊಂಡಿ ಒಂದೊಂದೇ ಹಲ್ಲು ದಾಟಿ ಬೀಳೋ ಸದ್ದು ಅದು. ಸರಪಳಿ ಕಡಿದ್ರೂ ಡಬ್ಬಿ ಹಿಂದಕ್ಕೆ ಉರುಳಲ್ಲ. ಆ ಸದ್ದು ಒಂದೇ ಸಮ ಬರಬೇಕು. ನಡುವೆ ತಪ್ಪಿ ತಪ್ಪಿ ಬರ್ತಿದ್ರೆ ಇಳಿದು ಬರ್ರಿ.

ತಿರುವಿಂದು ಹೇಳಬೇಕಂದ್ರೆ, ಸಣ್ಣ ಕೋಸ್ಟರಲ್ಲಿ ಅದನ್ನ ಬೇಕಂತಲೇ ಹಂಗೆ ಮಾಡಿರ್ತಾರೆ. ಡಬ್ಬಿಯ ಮೂತಿ ಗಾಲಿಗಿಂತ ಮುಂದೆ ಚಾಚಿರ್ತದೆ. ಗಾಲಿ ತಿರುವಿಗೆ ಬರೋದ್ರಾಗೆ ನಿಮ್ಮ ಕಾಲು ಹಳಿ ದಾಟಿ ಗಾಳಿಯಲ್ಲಿ ಇರ್ತವೆ. ಹಳಿಯನ್ನ ಓರೆ ಮಾಡಿರಲ್ಲ, ಅದಕ್ಕೆ ಪಕ್ಕಕ್ಕೆ ಒಗೆದಂಗೆ ಆಗ್ತದೆ. ದೊಡ್ಡ ಕೋಸ್ಟರಲ್ಲಿ ತಿರುವಿನಾಗೆ ಹಳಿ ಓರೆ ಇರ್ತದೆ, ಒತ್ತಡ ಸೀಟಿನ ಕಡೆಗೇ ಬೀಳ್ತದೆ, ಅಲ್ಲಿ ಪಕ್ಕೆಲುಬು ಆರಾಮ.

ಹಳೇ_ಮೇಷ್ಟ್ರು (ಸಿರುಗುಪ್ಪ):

ಡಬ್ಬಿ ಹಳಿ ಬಿಟ್ಟು ಹೋಗದಿರುವುದಕ್ಕೆ ಕಾರಣ ಗಾಲಿಗಳು. ಹಳಿಯ ಮೇಲೊಂದು, ಪಕ್ಕಕ್ಕೊಂದು, ಹಳಿಯ ಕೆಳಗೊಂದು. ಕೆಳಗಿನದಕ್ಕೆ 1919ರಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ಜಾನ್ ಮಿಲ್ಲರ್. ಅಲ್ಲಿಯವರೆಗೆ ಕಡಿದಾದ ಉಬ್ಬು ಕಟ್ಟಲು ಎಂಜಿನಿಯರುಗಳೇ ಹೆದರುತ್ತಿದ್ದರು. ಇವತ್ತಿನ ಬಹುತೇಕ ಕೋಸ್ಟರುಗಳನ್ನು ಬಗ್ಗಿ ನೋಡಿ, ಮೂರೂ ಗಾಲಿ ಕಾಣುತ್ತವೆ.

ಎತ್ತರದ ಚರ್ಚೆ ನಡೆದಿದೆಯಲ್ಲ, ಅದಕ್ಕೊಂದು ಮಾತು. ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ 1884ರಲ್ಲಿ ಲಾಮಾರ್ಕಸ್ ಥಾಮ್ಸನ್ ಎಂಬಾತ ಕಟ್ಟಿದ ಸ್ವಿಚ್‌ಬ್ಯಾಕ್ ರೈಲ್ವೆ ಎಂಬ ಕೋಸ್ಟರ್ ಗಂಟೆಗೆ ಆರು ಮೈಲಿ, ಅಂದರೆ ಸುಮಾರು 10 ಕಿ.ಮೀ. ವೇಗದಲ್ಲಿ ಓಡುತ್ತಿತ್ತು. ನಮ್ಮೂರ ಹುಡುಗರ ಸೈಕಲ್ ಅದಕ್ಕಿಂತ ಜೋರು. ಐದು ಸೆಂಟು ಕೊಟ್ಟು ಕೂರಲು ಜನ ಸಾಲುಗಟ್ಟಿ ನಿಂತರು. ಅದೇ ಕೋನಿ ಐಲೆಂಡಿನಲ್ಲಿ 1895ರಲ್ಲಿ ಫ್ಲಿಪ್ ಫ್ಲಾಪ್ ಅಂತ ತಲೆಕೆಳಗು ಮಾಡುವ ಕೋಸ್ಟರ್ ಬಂತು. ಅದರ ಸುತ್ತು ಪೂರ್ತಿ ದುಂಡಗಿತ್ತು. ಸುತ್ತಿನೊಳಕ್ಕೆ ನುಗ್ಗುವ ಗಳಿಗೆಯಲ್ಲಿ ಬೀಳುವ ಒತ್ತಡಕ್ಕೆ ಜನರ ಕುತ್ತಿಗೆ ಉಳುಕುತ್ತಿತ್ತು, ಬಹಳ ವರ್ಷ ಬಾಳಲಿಲ್ಲ. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಪಾರ್ಕಿನಲ್ಲಿ ಜರ್ಮನಿಯ ವರ್ನರ್ ಸ್ಟೆಂಗೆಲ್ ಲೆಕ್ಕ ಹಾಕಿಕೊಟ್ಟ ಸುತ್ತು ಬಂದ ಮೇಲೆ ಆ ಸಮಸ್ಯೆ ತೀರಿತು. ಅದು ಕೆಳಗೆ ಅಗಲ, ಮೇಲೆ ಕಿರಿದು. ವೇಗ ಹೆಚ್ಚಿರುವ ಕಡೆ ತ್ರಿಜ್ಯ ಹೆಚ್ಚು, ಟೀಚರ್ ಹೇಳಿದ ಲೆಕ್ಕವೇ.

ಬಿಸಿಲೂರು (ರಾಯಚೂರು):

ಎಲ್ಲಾ ಸರಿ, ಆದ್ರ ಯಾರೂ ಅಪಘಾತದ ಮಾತೇ ಎತ್ತವಲ್ರಿ. 2019ರ ಜುಲೈದಾಗ ಅಹಮದಾಬಾದಿನ ಕಾಂಕರಿಯಾದಾಗ ಲೋಲಕದಂಗ ತೂಗೋ ರೈಡ್ ಮುರಿದು ಬಿತ್ತು, ಇಬ್ಬರು ಸತ್ತರು, ಎಷ್ಟೋ ಮಂದಿಗೆ ಪೆಟ್ಟಾತು. 2022ರ ಸೆಪ್ಟೆಂಬರ್‌ದಾಗ ಮೊಹಾಲಿ ಮೇಳದಾಗ ಜನ ಕುಂತ ತೊಟ್ಟಿಲು ಮ್ಯಾಲಿಂದ ಧೊಪ್ಪ ಬಿತ್ತು, ವಿಡಿಯೋ ಎಲ್ಲರೂ ನೋಡ್ಯಾರ. ದೊಡ್ಡ ಶಹರದಾಗೇ ಹಿಂಗ ಆದ್ರ ನಮ್ಮ ಕಡಿ ಯಾರು ನೋಡ್ತಾರ? ನಾ ಅಂತೂ ನಮ್ಮ ಮಕ್ಕಳಿಗಿ ಹತ್ತಸಲ್ಲ. ಮುಗೀತು.

ನಟ್ಟು_ಬೋಲ್ಟು (ತೋರಣಗಲ್ಲು):

ಬಿಸಿಲೂರು ಅಣ್ಣಾ, ನಿಮ್ಮ ಮಾತು ತೆಗೆದುಹಾಕೋದಲ್ಲ. ನಾನು ಕಾರ್ಖಾನೆಯಲ್ಲಿ ಕ್ರೇನ್ ಮೇಂಟೆನೆನ್ಸ್ ನೋಡೋನು, ಅದಕ್ಕೆ ಉದ್ದ ಬರೀತೀನಿ.

ತೂಗೋ ಯಂತ್ರದಲ್ಲಿ ಕಬ್ಬಿಣ ಒಂದೇ ಸಲಕ್ಕೆ ಮುರಿಯಲ್ಲ. ಒಂದು ಕಡೆ ಎಳೆತ, ಮರುಗಳಿಗೆ ಇನ್ನೊಂದು ಕಡೆ. ದಿನಕ್ಕೆ ಸಾವಿರಾರು ಸಲ. ವೆಲ್ಡಿಂಗ್ ಅಂಚಿನಲ್ಲೋ, ಶಾಫ್ಟಿನ (ಭಾರ ಹೊರೋ ದಪ್ಪ ಕಬ್ಬಿಣದ ಅಚ್ಚಿನ) ಮೂಲೆಯಲ್ಲೋ ಕೂದಲೆಳೆ ಬಿರುಕು ಹುಟ್ಟುತ್ತೆ, ದಿನಾ ಚೂರು ಚೂರು ಬೆಳೆಯುತ್ತೆ, ಒಂದಿನ ಉಳಿದ ಕಬ್ಬಿಣಕ್ಕೆ ಭಾರ ತಡೆಯಲ್ಲ. ಮುರಿಯೋ ಹಿಂದಿನ ದಿನವೂ ನೋಡೋಕೆ ಚೆನ್ನಾಗೇ ಇರ್ತದೆ. ನಮ್ಮಲ್ಲಿ ಕ್ರೇನ್ ಹುಕ್ಕಿಗೆ ಕೆಂಪು ಬಣ್ಣ ಸವರಿ, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿ ನೋಡ್ತೀವಿ. ಬಿರುಕಿದ್ರೆ ಒಳಗೆ ಇಳಿದ ಕೆಂಪು ಗೆರೆಯಾಗಿ ಮೇಲೆ ಬರ್ತದೆ. ಡಿಪಿ ಟೆಸ್ಟ್ ಅಂತೀವಿ. ಶಾಫ್ಟಿನ ಒಳಗಿನ ಬಿರುಕಿಗೆ ಅಲ್ಟ್ರಾಸೋನಿಕ್, ಅಂದ್ರೆ ಶಬ್ದದ ಅಲೆ ಬಿಟ್ಟು ನೋಡೋ ಟೆಸ್ಟ್. ಕೊಲಂಬಸ್ಸಿನ ಮೇನ್ ಶಾಫ್ಟಿಗೂ ಇದೇ ಆಗಬೇಕು. ರೈಡುಗಳ ಸುರಕ್ಷತೆಗೆ ನಮ್ಮ ದೇಶದ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಸಂಹಿತೆಯೇ ಐತೆ. ಪಾರ್ಕಿನ ಮ್ಯಾನೇಜರ್ ಹತ್ರ ಹೋಗಿ "ಶಾಫ್ಟ್ ಟೆಸ್ಟ್ ಯಾವಾಗ ಮಾಡಿಸಿದ್ರಿ, ರಿಪೋರ್ಟ್ ಐತಾ" ಅಂತ ಕೇಳ್ರಿ. ಕೇಳೋಕೆ ನಾಚಿಕೆ ಏನೂ ಬೇಡ. ಫೈಲು ತೆಗೆದು ತೋರಿಸೋರೂ ಇದಾರೆ. ಮುಖ ಸಿಂಡರಿಸಿದ್ರೆ ಅದೇ ಉತ್ತರ.

ಇನ್ನು ಕಣ್ಣಿಗೆ ಕಾಣೋವು. ಟಿಕೆಟ್ ತಗೊಳ್ಳೋ ಮುಂಚೆ ಹತ್ತು ನಿಮಿಷ ಬೇಲಿ ಹತ್ರ ನಿಂತ್ಕೊಳ್ರಿ. ದೊಡ್ಡ ಬೋಲ್ಟಿನ ಮೇಲೆ ಹಳದಿನೋ ಬಿಳೀನೋ ಬಣ್ಣದ ಗೆರೆ ಎಳೆದಿರ್ತಾರೆ, ನಟ್ಟಿನಿಂದ ಪ್ಲೇಟಿಗೆ ಒಂದೇ ಗೆರೆ. ಗೆರೆ ಎರಡು ತುಂಡಾಗಿ ಪಕ್ಕಕ್ಕೆ ಸರಿದಿದ್ರೆ ನಟ್ಟು ಸಡಿಲಾಗಿದೆ ಅಂತ. ಗೆರೆಯೇ ಇಲ್ಲಾಂದ್ರೆ ಯಾರೂ ಲೆಕ್ಕ ಇಟ್ಟಿಲ್ಲ ಅಂತ. ಪಿನ್ನು ಜಾರದಂಗೆ ಅದಕ್ಕೆ ಆರ್ ಪಿನ್ನೋ ಕಾಟರ್ ಪಿನ್ನೋ ಅನ್ನೋ ಸಣ್ಣ ಕೊಂಡಿ ಇರಬೇಕು, ಆ ಜಾಗದಲ್ಲಿ ಬೈಂಡಿಂಗ್ ವೈರ್ ಸುತ್ತಿದ್ರೆ, ಮೊಳೆ ಬಗ್ಗಿಸಿ ಹಾಕಿದ್ರೆ, ವಾಪಸ್ ಬರ್ರಿ. ವೆಲ್ಡಿಂಗ್ ಮೇಲೆ ಬಣ್ಣ ಬಿರಿದು ತುಕ್ಕಿನ ನೀರು ಇಳಿದಂಗೆ ಗೆರೆ ಇದ್ರೆ ಅದು ಬಿರುಕು ಇರಬಹುದು. ಬರೀ ಮೇಲುತುಕ್ಕು ಇದ್ರೆ ಹೆದರಬೇಡಿ, ಬಿಸಿಲು ಮಳೆಗೆ ಬಣ್ಣ ಹೋಗ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಆಪರೇಟರನ್ನ ನೋಡ್ರಿ. ಪ್ರತಿ ಸೀಟಿನ ಬಾರನ್ನ (ತೊಡೆ ಮೇಲೆ ಬರೋ ಕಬ್ಬಿಣದ ಸರಳನ್ನ) ಕೈಯಿಂದ ಜಗ್ಗಿ ನೋಡ್ತಾನಾ, ಇಲ್ಲಾ ಗೂಡಿನಲ್ಲಿ ಕುಂತು "ಹಿಡ್ಕೊಳ್ರೀ" ಅಂತ ಕೂಗಿ ಸ್ವಿಚ್ ಒತ್ತುತ್ತಾನಾ? ರೈಡ್ ಓಡುವಾಗ ಅವನ ಕಣ್ಣು ರೈಡಿನ ಮೇಲಿದೆಯಾ, ಮೊಬೈಲ್ ಮೇಲಿದೆಯಾ? ನನ್ನ ಮಟ್ಟಿಗೆ ಇದೊಂದೇ ಸಾಕು, ಉಳಿದದ್ದೆಲ್ಲ ಆಮೇಲೆ.

ತೊಟ್ಲದ_ಮನಿ (ಕೊಪ್ಪಳ):

ನಮ್ಮ ಮಾವಂದು ಜಾತ್ರ್ಯಾಗ ತೊಟ್ಲ ಹಾಕೂ ಧಂದೇ. ಗವಿಮಠದ ಜಾತ್ರಿ, ಹುಲಿಗಿ ಹುಣ್ಣಿಮಿ, ಎಲ್ಲಾ ಕಡಿ ತಿರಗ್ಯಾರ. ನಟ್ಟು ಬೋಲ್ಟು ಅಣ್ಣ ಹೇಳಿದ್ದು ಖರೇ ಐತಿ, ಆದ್ರ ಒಂದು ಬಿಟ್ಟಾರ. ನೆಲ.

ನಮ್ಮ ಕಡಿ ಎರಿ ನೆಲ. ಒಣಗಿದಾಗ ಬಿರೀತೈತಿ, ತೊಯ್ದ್ರ ಉಬ್ಬತೈತಿ. ಜಾತ್ರ್ಯಾಗ ತೊಟ್ಲಕ್ಕ ಬುನಾದಿ ಹಾಕಂಗಿಲ್ಲ, ಕಟಗಿ ದಿಮ್ಮಿ ಕೊಟ್ಟು ಮಟ್ಟ ಮಾಡಿ ನಿಂದರಸ್ತಾರ. ಒಂದು ದೊಡ್ಡ ಮಳಿ ಹೊಡದ್ರ ಒಂದು ಮೂಲಿ ಕೆಳಗ ಇಳಿತೈತಿ. ನಮ್ಮ ಮಾವ ಮಳಿ ನಿಂತ ಮ್ಯಾಲೆ ಮಟ್ಟಗೋಲು ಇಟ್ಟು ನೋಡಿ, ದಿಮ್ಮಿ ಬಿಗಿ ಮಾಡಿ, ಖಾಲಿ ತಿರಗಿಸಿ, ಆಮ್ಯಾಲೆ ಮಂದಿ ಹತ್ತಸ್ತಾರ. ಜಾತ್ರ್ಯಾಗ ಹತ್ತೂವರು ಬುಡ ನೋಡ್ರಿ, ಲೈಟ್ ನೋಡಬ್ಯಾಡ್ರಿ. ಪಾರ್ಕಿನ್ಯಾಗ ಕಾಂಕ್ರೀಟ್ ಬುನಾದಿ ಇರತೈತಿ, ಆ ಚಿಂತಿ ಕಡಿಮಿ.

ಇನ್ನೊಂದು, "ಇಲ್ಲಿ ಬ್ಯಾಡ, ಆ ಕಡಿ ತೊಟ್ಲದಾಗ ಕುಂದರ್ರಿ" ಅಂತ ನಾವು ಅಂದ್ರ ಮಂದಿ ಜಗಳಕ್ಕ ಬರ್ತಾರ. ಒಂದ ಕಡಿ ಭಾರ ಬಿದ್ರ ಚಕ್ರ ಜೋಲಿ ಹೊಡಿತೈತಿ, ಮೋಟರ್, ಬ್ರೇಕು ಎರಡಕ್ಕೂ ತ್ರಾಸ. ಅದಕ್ಕ ಎದುರುಬದರು ತುಂಬತೀವಿ. ಬ್ಯಾಸಿಗ್ಯಾಗ ಸಂಜಿಮುಂದ ಗಾಳಿ ಎದ್ರ ಮೊದಲು ಇಳಸೂದು ತೊಟ್ಲದವ್ರನ್ನ. ರೊಕ್ಕ ವಾಪಸ್ ಕೇಳ್ರಿ, ಆದ್ರ ಇಳಿಯಾಕ ತಕರಾರು ಮಾಡಬ್ಯಾಡ್ರಿ.

ಬಿಸಿಲೂರು (ರಾಯಚೂರು):

ನಿಮ್ಮ ಮಾವನಂಗ ಎಲ್ಲರೂ ಇದ್ರ ನಾ ಯಾಕ್ ಮಾತಾಡ್ತಿದ್ದೆ? ಇಂಥ ಮಂದಿ ಕಡಿಮಿ ಅನ್ನೋದೇ ನಮ್ಮ ತಕರಾರು.

ತೊಟ್ಲದ_ಮನಿ (ಕೊಪ್ಪಳ):

ಅದಕ್ಕ ಇಲ್ಲನ್ನಂಗಿಲ್ಲ ಅಣ್ಣಾ.

ಪಂಚಮಿ_ಉಂಡಿ (ಕೊಪ್ಪಳ):

ಕೊಲಂಬಸ್ಸಿನ ಮಾತು ಬಂತು ಅಂತ ಹೇಳ್ತೀನಿ. ಅದು ನಮ್ಮ ಪಂಚಮಿ ಜೋಕಾಲಿ. ಎರಡಕ್ಕೂ ಲೆಕ್ಕ ಒಂದ. ಜೋಕಾಲಿ 60 ಡಿಗ್ರಿತನಕ ಏರಿ ಇಳದ್ರ ಕೆಳಗ ಬರೂದ್ರಾಗ ನಿಮ್ಮ ಭಾರ ಎರಡ ಪಟ್ಟು ಅನಸ್ತೈತಿ, ಪೂರಾ 90ಕ್ಕ ಏರಿದ್ರ ಮೂರು ಪಟ್ಟು. ಹಗ್ಗ ಎಷ್ಟುದ್ದ ಐತಿ ಅನ್ನೂದು ಈ ಲೆಕ್ಕದಾಗ ಬರೂದ ಇಲ್ಲ. ಹಂಗಂತ ಬೇವಿನ ಗಿಡಕ್ಕ ಹಗ್ಗ ಕಟ್ಟಿ ಎದ್ದು ನಿಂತು ಜೀಕಿದ ನಮ್ಮ ಅವ್ವಗೋಳು ಕೊಲಂಬಸ್ಸಿನಷ್ಟ ಮಜಾ ತಗೊಂಡಾರ, ಬಾರೂ ಇಲ್ಲದ, ಬೆಲ್ಟೂ ಇಲ್ಲದ! ಕೊಲಂಬಸ್ಸಿಗೆ ಜೀಕೂದು ಕೆಳಗಿನ ಟೈರು. ಹಡಗಿನ ಅಡಿ ಟೈರಿಗೆ ತಾಗೂ ಹೊತ್ತಿಗೆ ಅದನ್ನ ತಿರಗಿಸಿ ಒಂದೊಂದ ಸಲ ನೂಕತಾರ. ನಿಲ್ಲಸೂದೂ ಅದರಿಂದನ.

ಕುಂಬಾರಗುಡ್ಡ (ಬಳ್ಳಾರಿ):

ಅಕ್ಕನಿಗೆ ಓದಿ ಹೇಳಿದೆ. ಜೋಕಾಲಿ ಮಾತಿಗೆ ನಕ್ಕಳು, "ನಾನು ನಿಂತು ಜೀಕಿದೋಳೇ" ಅಂದ್ಳು. ದೊಡ್ಡೋನಿಗೆ ಪರ್ಮಿಶನ್ ಸಿಕ್ಕಂಗೇ. ಇನ್ನು ಎರಡು ಪ್ರಶ್ನೆ. ಯಾವ ಹೊತ್ತಿಗೆ ಹೋಗೋದು? ಬ್ರೇಕ್ ಡ್ಯಾನ್ಸಲ್ಲಿ ನನಗೆ ಹೊಟ್ಟೆ ತೊಳಸುತ್ತೆ, ಕಣ್ಣು ಮುಚ್ಕೊಂಡ್ರೆ ಸರಿಹೋಗುತ್ತಾ?

ಗವಿಮಠ_ಓಣಿ (ಕೊಪ್ಪಳ):

ಕಣ್ಣು ಮುಚ್ಚಬೇಕ್ರಿ. ನಾ ಮುಚ್ಚೇ ಕುಂದರ್ತೀನಿ.

ಪಂಚಮಿ_ಉಂಡಿ (ಕೊಪ್ಪಳ):

ಬ್ಯಾಡ! ತಿರುಗಾಕತ್ತೇವಿ ಅಂತ ಒಳಕಿವಿ ಹೇಳತೈತಿ, ಎದುರಿಗೆ ಕುಂತವರ ಮುಖ ನೋಡ್ಕೋಂತ ಕುಂತ್ರ ಕಣ್ಣು ಇಲ್ಲ ಅಂತೈತಿ. ಎರಡರ ಮಾತು ಕೂಡಂಗಿಲ್ಲ, ಅದಕ್ಕ ತೊಳಸೂದು. ಕಣ್ಣು ಮುಚ್ಚಿದ್ರ ಮುಂದ ಯಾ ಕಡಿ ತಿರಗತೈತಿ ಅಂತ ಮೈಗೆ ಸುಳಿವ ಸಿಗಂಗಿಲ್ಲ. ತಲಿ ಸೀಟಿಗೆ ಆನಿಸಿ, ಹೊರಗ ದೂರದಾಗಿನ್ದು ಏನರ ನೋಡ್ರಿ. ಬಳ್ಳಾರಿಯವರಿಗೆ ಗುಡ್ಡಕ್ಕೇನ ಕಡಿಮಿ? ಖಾಲಿ ಹೊಟ್ಟಿನೂ ಬ್ಯಾಡ, ತುಂಬಿದ ಹೊಟ್ಟಿನೂ ಬ್ಯಾಡ. ಬಸ್ಸಿಗೆ ತಗೊಳ್ಳೂ ಅವೊಮಿನ್ ಗುಳಿಗಿ ಕೆಲವರಿಗೆ ನಡೀತೈತಿ, ಆದ್ರ ನಿದ್ದಿ ಬರತೈತಿ, ಸಣ್ಣ ಹುಡುಗ್ರಿಗೆ ಡಾಕ್ಟರ್ ಕೇಳದ ಕೊಡಬ್ಯಾಡ್ರಿ.

ನಟ್ಟು_ಬೋಲ್ಟು (ತೋರಣಗಲ್ಲು):

ಹೊತ್ತು ಅಂದ್ರೆ ಸಂಜೆ. ಏಪ್ರಿಲ್ ಮಧ್ಯಾಹ್ನ ನಲವತ್ತು ದಾಟಿದ ಬಿಸಿಲಲ್ಲಿ ಕಬ್ಬಿಣದ ಬಾರು ಮುಟ್ಟಿದ್ರೆ ಕೈ ಬೊಬ್ಬೆ ಬರ್ತದೆ. ಮಜಾದ ಲೆಕ್ಕದಲ್ಲೂ ಸಂಜೆಯೇ ಸರಿ, ಇಡೀ ದಿನ ಓಡಿ ಬೇರಿಂಗಿನ ಗ್ರೀಸು ಕಾದು ತೆಳುವಾಗಿರ್ತದೆ, ಬೆಳಗ್ಗೆಗಿಂತ ಸಂಜೆ ಕೋಸ್ಟರ್ ಚೂರು ಜೋರಾಗೇ ಓಡ್ತದೆ.

ಕುಂಬಾರಗುಡ್ಡ (ಬಳ್ಳಾರಿ):

ಸರಿ, ಭಾನುವಾರ ಬಿಟ್ಟು ಬೇರೆ ದಿನ ಸಂಜೆ. ಸಣ್ಣಾಕಿನ ಕೋಸ್ಟರಿಗೆ ಹತ್ತಿಸಿದ್ರೆ ನನ್ನ ಪಕ್ಕಾನೇ ಕುಂದ್ರಿಸ್ಕೊಂಡು ಗಟ್ಟಿ ಹಿಡ್ಕೊಳ್ತೀನಿ. ನಾನು ಸ್ವಲ್ಪ ದಪ್ಪಗೇ ಇದೀನಿ, ಭದ್ರ ಆಗ್ತದೆ.

ತೊಟ್ಲದ_ಮನಿ (ಕೊಪ್ಪಳ):

ಅಣ್ಣಾ, ಅದೊಂದ ಮಾಡಬ್ಯಾಡ್ರಿ! ಇಬ್ಬರಿಗೂ ಒಂದ ಬಾರ್ ಇದ್ರ ಅದು ದಪ್ಪ ಇದ್ದವರ ತೊಡಿಗೆ ತಾಗಿ ನಿಲ್ಲತೈತಿ. ಬಾಜೂಕ ಕುಂತ ಕೂಸಿಗೆ ಬಾರಿಗೂ ತೊಡಿಗೂ ನಡುವ ಗೇಣು ಜಾಗ ಉಳೀತೈತಿ, ಸೀಟ್ ಬಿಟ್ಟು ಎದ್ದಾಗ ಜಾರತೈತಿ. ಕೈಲೆ ಹಿಡಕೋತೀನಿ ಅನ್ನೂದು ನಂಬೂ ಮಾತಲ್ಲ. ಮೊದಲು ಎತ್ತರದ ಬೋರ್ಡಿಗೆ ನಿಂದರಸ್ರಿ, ಗೆರಿ ಮುಟ್ಟಲಿಲ್ಲಂದ್ರ ಕೋಸ್ಟರ್ ಬಿಟ್ಟುಬಿಡ್ರಿ, ಆಪರೇಟರ್ "ನಡೀತೈತಿ ಬರ್ರಿ" ಅಂದ್ರೂ. ಮುಟ್ಟಿದ್ರ ತೆಳ್ಳಗ ಇದ್ದವರ ಜೋಡಿ ಕೂಡಸ್ರಿ, ಬಾರ್ ಆಕಿ ತೊಡಿಗೆ ತಾಗಬೇಕು. ಬ್ರೇಕ್ ಡ್ಯಾನ್ಸಿಗೆ ಹತ್ತಿಸಿದ್ರ ಸಣ್ಣವರು ಒಳಗಿನ ಬಾಜೂಕ, ದೊಡ್ಡವರು ಹೊರಗಿನ ಬಾಜೂಕ. ತಿರುಗುವಾಗ ಒಳಗಿದ್ದವರು ಹೊರಗಿದ್ದವರ ಮ್ಯಾಲೆ ಬೀಳ್ತಾರ, ನೀವು ಬಿದ್ರ ಕೂಸು ಅಪ್ಪಚ್ಚಿ.

ಕುಂಬಾರಗುಡ್ಡ (ಬಳ್ಳಾರಿ):

ಹಂಗಾದ್ರೆ ಸಣ್ಣಾಕಿ ಅವಳ ಅಣ್ಣನ ಜೊತೆ, ಅವನು ಕಡ್ಡಿ ಇದ್ದಂಗಿದಾನೆ. ಗೆರೆ ಮುಟ್ಟಿಲ್ಲಂದ್ರೆ ಅವಳಿಗೆ ಜಾಯಿಂಟ್ ವ್ಹೀಲು. ನಾನೊಬ್ಬನೇ ಕಡೀ ಡಬ್ಬಿ.

ಆಮ್_ತಲಾಬ್ (ರಾಯಚೂರು):

ಕಡೀ ಡಬ್ಬ್ಯಾಗ ನೀವು ಚೀರಿದ್ದು ಅವರ ಕೈಲಿ ವಿಡಿಯೋ ಮಾಡಸ್ರಿ. ಮೊಬೈಲ್ ನೀವು ಮ್ಯಾಲ ಒಯ್ಯಬ್ಯಾಡ್ರಿ, ಕಿಸೇದಿಂದ ಹಾರಿ ಹೋಗ್ತದ.